ಸಣ್ಣ ಊರಿನ ಕ್ರೈಸ್ತ ಪ್ರೇಮ ಕಾದಂಬರಿ: ಪದೇ ಪದೇ ಕೇಳುವ ಪ್ರಶ್ನೆಗಳು

ಕೋಲಾರ, ಚಿಕ್ಕಬಳ್ಳಾಪುರ, ತುಮಕೂರು ಜಿಲ್ಲೆಗಳ ಸಣ್ಣ ಪೇಟೆಗಳನ್ನೂ ಅಲ್ಲಿನ ಕ್ರೈಸ್ತ ಸಭೆಗಳನ್ನೂ (ಚರ್ಚುಗಳನ್ನೂ) ಇಟ್ಟುಕೊಂಡು ಪ್ರೇಮ ಕಾದಂಬರಿ ಬರೆಯಲು ಹೊರಟವರು ಮಾತಿನಲ್ಲಿ, ಪತ್ರದಲ್ಲಿ ಮತ್ತೆ ಮತ್ತೆ ಕೇಳುವ ಪ್ರಶ್ನೆಗಳಿವು. ಕೇಳಿದವರ ಮಾತಿನಲ್ಲೇ ಇಟ್ಟಿದ್ದೇವೆ. ಮೊದಲ ಸಲ ಬರೆಯುವವರು ಮೇಲಿನಿಂದ ಓದಿಕೊಂಡು ಬನ್ನಿ. ಹಸ್ತಪ್ರತಿ ಈಗಾಗಲೇ ಕೈಯಲ್ಲಿದ್ದರೆ ಕೊನೆಯ ಎರಡು ಭಾಗಕ್ಕೆ ನೇರವಾಗಿ ಹೋಗಬಹುದು.

## ಮೊದಲ ಹೆಜ್ಜೆ

ಮಾಮೂಲಿ ಲವ್ ಸ್ಟೋರಿಗೆ ಅಲ್ಲಲ್ಲಿ ಪ್ರಾರ್ಥನೆ ಸೇರಿಸಿದ್ರೆ ಕ್ರೈಸ್ತ ಕಾದಂಬರಿ ಆಗುತ್ತಾ?

ಆಗುವುದಿಲ್ಲ. ಈ ಬಗೆಯ ಕಾದಂಬರಿಯಲ್ಲಿ ಮೂರು ಎಳೆ ಇರುತ್ತವೆ: ಅವಳ ಬದುಕು, ಅವನ ಬದುಕು, ಇಬ್ಬರಲ್ಲಿ ಒಬ್ಬರಿಗಾದರೂ ದೇವರ ಜೊತೆ ಇರುವ ಲೆಕ್ಕ. ಮೂರನೆಯ ಎಳೆಯನ್ನು ಎಳೆದು ತೆಗೆದರೆ ಉಳಿದೆರಡು ಬಿಚ್ಚಿಕೊಳ್ಳಬೇಕು. ಪರೀಕ್ಷೆ ಸುಲಭ. ಪ್ರಾರ್ಥನೆ, ಬೈಬಲ್ ವಾಕ್ಯ, ಭಾನುವಾರದ ಆರಾಧನೆ ಎಲ್ಲವನ್ನೂ ಹೊಡೆದು ಹಾಕಿ ಕಥೆಯನ್ನು ಹತ್ತು ಸಾಲಲ್ಲಿ ಬರೆದು ನೋಡಿ. ಆಗಲೂ ಅದೇ ಕಾರಣಕ್ಕೆ ಅದೇ ಮದುವೆ ನಡೆಯುತ್ತದೆ ಅಂದರೆ ನಂಬಿಕೆ ಅಲ್ಲಿ ಬರೀ ಅಲಂಕಾರ.

ಒಂದು ಉದಾಹರಣೆ. ಅಪ್ಪನಿಗೆ ಮೋಸ ಮಾಡಿದವನ ಮಗನನ್ನು ಅವಳು ಪ್ರೀತಿಸುತ್ತಾಳೆ. ಪ್ರತಿ ಭಾನುವಾರ "ನಮಗೆ ತಪ್ಪುಮಾಡಿದವರನ್ನು ನಾವು ಕ್ಷಮಿಸಿದಂತೆ" ಎಂದು ಸಭೆಯ ಜೊತೆ ಹೇಳಬೇಕು. ಆ ಒಂದು ಸಾಲು ಬಂದಾಗ ಅವಳ ಬಾಯಿ ಮುಚ್ಚಿಕೊಳ್ಳುತ್ತದೆ. ಪಕ್ಕದಲ್ಲಿ ನಿಂತ ಅಮ್ಮ ಅದನ್ನು ಗಮನಿಸುತ್ತಾಳೆ. ಇಲ್ಲಿ ನಂಬಿಕೆಯನ್ನು ತೆಗೆದರೆ ಕಥೆಯೇ ಇಲ್ಲ.

ಇದು ಅಮೆರಿಕದವರ ಸರಕಲ್ವಾ? ನಮ್ಮ ಕಡೆಗೆ ಹೊಂದುತ್ತಾ?

ಪ್ರಕಾರವಾಗಿ ಬೆಳೆದದ್ದು ಅಲ್ಲೇ. 1979ರಲ್ಲಿ ಕೆನಡಾದ ಜಾನೆಟ್ ಓಕ್ ಅವರ ಮೊದಲ ಕಾದಂಬರಿ ಬಂದ ಮೇಲೆ ಕ್ರೈಸ್ತ ಪ್ರಕಾಶಕರು ಪ್ರೇಮಕಥೆಗೆ ಬಾಗಿಲು ತೆರೆದರು. 1997ರಲ್ಲಿ ಪ್ರೇಮ ಕಾದಂಬರಿಗಳ ಪ್ರಕಾಶಕರಾದ ಹಾರ್ಲೆಕ್ವಿನ್ ಸಂಸ್ಥೆ ಇದಕ್ಕೇ ಮೀಸಲಾದ ಸರಣಿ ಶುರು ಮಾಡಿತು. ಅಲ್ಲಿಯ ಕುದುರೆ ಲಾಯ, ಹಿಮ, ಬೇಕರಿಗಳನ್ನು ಹೊತ್ತು ತಂದು ಗೌರಿಬಿದನೂರಿನಲ್ಲಿ ಇಳಿಸಿದರೆ ಹೊಂದುವುದಿಲ್ಲ.

ಆದರೆ ಮೂಲ ಮಾದರಿ ಎಲ್ಲರ ಮನೆಯ ಸತ್ಯವೇದದಲ್ಲೇ, ಅಂದರೆ ಬೈಬಲ್ಲಿನಲ್ಲೇ, ಇದೆ. ರೂತಳ ಪುಸ್ತಕ, ನಾಲ್ಕೇ ಅಧ್ಯಾಯ. ಬರ, ವಲಸೆ, ವಿಧವೆಯಾದ ಸೊಸೆ, ಅತ್ತೆಯನ್ನು ಬಿಟ್ಟು ಹೋಗದ ಹಟ, ಜವೆಗೋದಿಯ ಸುಗ್ಗಿ, ಹೊಲದಲ್ಲಿ ಉದುರಿದ ತೆನೆ ಆಯುವ ಹೆಂಗಸು, ಕಣದಲ್ಲಿ ಒಂದು ರಾತ್ರಿ, ಊರಬಾಗಿಲಲ್ಲಿ ಹತ್ತು ಮಂದಿ ಹಿರಿಯರ ಮುಂದೆ ತೀರ್ಮಾನ. ನಮ್ಮ ರಾಗಿ ಕಣಕ್ಕೆ, ಅರಳಿಕಟ್ಟೆ ಪಂಚಾಯ್ತಿಗೆ ಇದಕ್ಕಿಂತ ಹತ್ತಿರದ ಕಥೆ ಬೇಕೆ? ಇನ್ನೊಂದನ್ನು ಗಮನಿಸಿ. ಆ ಪುಸ್ತಕದಲ್ಲಿ ದೇವರು ನೇರವಾಗಿ ಒಂದು ಮಾತೂ ಆಡುವುದಿಲ್ಲ. ಬಡವರಿಗಾಗಿ ಹೊಲದಲ್ಲಿ ತೆನೆ ಬಿಡಬೇಕೆಂಬ ಕಟ್ಟಳೆಯನ್ನು ಒಬ್ಬ ರೈತ ಮನಸಿಟ್ಟು ಪಾಲಿಸುತ್ತಾನೆ, ಅಲ್ಲಿಂದ ಪ್ರೀತಿ ಹುಟ್ಟುತ್ತದೆ. ಬರೆಯುವ ಮೊದಲು ಅದನ್ನು ಒಂದೇ ಕೂತಿನಲ್ಲಿ ಓದಿ. ಅರ್ಧ ಗಂಟೆ ಸಾಕು.

ಮುತ್ತು ಕೊಡೋದು ಬರೀಬಹುದಾ? ಎಲ್ಲಿವರೆಗೆ?

ಬರೆಯಬಹುದು. ಮಲಗುವ ಕೋಣೆಯ ಬಾಗಿಲು ಮುಚ್ಚಿರುತ್ತದೆ, ಮದುವೆಯಾದ ಮೇಲೂ. ಬೈಗುಳ ಮತ್ತು ಕುಡಿತ ಕಥೆಗೆ ಬೇಕಿದ್ದರೆ ಇರಲಿ, ಸವಿಯುವಂತೆ ಬೇಡ. ನಮ್ಮ ಸಣ್ಣ ಊರಿನಲ್ಲಿ ಮುತ್ತಿಗಿಂತ ಎಷ್ಟೋ ಮೊದಲೇ ಎದೆ ಬಡಿದುಕೊಳ್ಳುತ್ತದೆ ಎಂಬುದನ್ನೂ ನೆನಪಿಡಿ. ಬಸ್ಸಿನಲ್ಲಿ ಅವಳಿಗೆ ಸೀಟು ಹಿಡಿದಿಟ್ಟದ್ದು, ಹಾಡಿನ ಪುಸ್ತಕ ಸಾಲದೆ ಇಬ್ಬರೂ ಒಂದೇ ಪುಟ ನೋಡಿ ಹಾಡಿದ್ದು, ಅವನ ನಂಬರನ್ನು ಹುಡುಗಿಯ ಹೆಸರಿನಲ್ಲಿ ಸೇವ್ ಮಾಡಿಕೊಂಡದ್ದು. ಇವುಗಳ ಬಿಸಿ ಓದುಗರಿಗೆ ತಟ್ಟುತ್ತದೆ.

ಎಷ್ಟು ಉದ್ದ ಇರ್ಬೇಕು?

ಅಮೆರಿಕದ ಸರಣಿಗಳಲ್ಲಿ 55,000 ಇಂಗ್ಲಿಷ್ ಪದಗಳ ಆಸುಪಾಸು. ಕನ್ನಡದಲ್ಲಿ ವಿಭಕ್ತಿ, ಕ್ರಿಯಾಪದದ ಬಾಲ ಎಲ್ಲ ಒಂದೇ ಪದಕ್ಕೆ ಅಂಟಿಕೊಳ್ಳುವುದರಿಂದ ಅಷ್ಟೇ ಕಥೆ 38,000ದಿಂದ 40,000 ಪದಗಳಲ್ಲಿ ಮುಗಿಯುತ್ತದೆ. 20 ಅಧ್ಯಾಯ, ಅಧ್ಯಾಯಕ್ಕೆ 2,000 ಪದ ಎಂದು ಹಾಕಿಕೊಳ್ಳಿ. ದಿನಕ್ಕೆ 500 ಪದ ಬರೆದರೆ 80 ದಿನಕ್ಕೆ ಮೊದಲ ಕರಡು ಸಿದ್ಧ.

## ಊರು, ಸಭೆ, ಮಾತು

ನಿಜವಾದ ಊರಿನ ಹೆಸರು ಹಾಕ್ಬೇಕಾ, ಕಲ್ಪಿಸ್ಕೋಬೇಕಾ?

ತಾಲ್ಲೂಕು ಕೇಂದ್ರ ನಿಜದ್ದಿರಲಿ, ಹಳ್ಳಿ ಕಲ್ಪನೆಯದಿರಲಿ. ಚಿಂತಾಮಣಿಯಿಂದ ಎಂಟು ಕಿಲೋಮೀಟರ್ ಆಚೆ, ದಿನಕ್ಕೆ ಮೂರು ಬಸ್ಸು ಬರುವ ಊರೊಂದನ್ನು ಕಟ್ಟಿಕೊಂಡರೆ ಮಾರುಕಟ್ಟೆ, ಆಸ್ಪತ್ರೆ, ಕಾಲೇಜು ನಿಜವಾಗಿಯೇ ಸಿಗುತ್ತವೆ. "ಅಯ್ಯನೋರು (ಸಭಾಪಾಲಕರು) ಅಂತ ನಮ್ಮ ಸಭೆಯವರನ್ನೇ ಬರೆದಿದ್ದಾರೆ" ಎಂಬ ಜಗಳವೂ ತಪ್ಪುತ್ತದೆ. ಹತ್ತಿಪ್ಪತ್ತು ಕ್ರೈಸ್ತ ಮನೆಗಳಿರುವ ಹಳ್ಳಿಯ ನಿಜ ಹೆಸರು ಹಾಕಿದರೆ ಯಾವ ಮನೆ ಎಂದು ಎಲ್ಲರಿಗೂ ತಿಳಿಯುತ್ತದೆ. ಯಾರ ಮನೆಯ ಹೆಣ್ಣುಮಗಳನ್ನೂ ಹಾಗೆ ಬೀದಿಗೆ ತರಬೇಡಿ.

ಕಥೆ ನಡೆಯುವ ವರ್ಷವನ್ನು ಮೊದಲೇ ಗಟ್ಟಿ ಮಾಡಿಕೊಳ್ಳಿ. ಚಿಕ್ಕಬಳ್ಳಾಪುರ ಬೇರೆ ಜಿಲ್ಲೆಯಾದದ್ದು 2007ರಲ್ಲಿ. ಅದಕ್ಕಿಂತ ಹಿಂದಿನ ಕಥೆಯಲ್ಲಿ ಶಿಡ್ಲಘಟ್ಟದವರು ಜಿಲ್ಲಾ ಕಚೇರಿಯ ಕೆಲಸಕ್ಕೆ ಕೋಲಾರಕ್ಕೇ ಹೋಗಬೇಕು. ಕೆಜಿಎಫ್ ಗಣಿ ಮುಚ್ಚಿದ್ದು 2001ರ ಫೆಬ್ರವರಿ 28ರಂದು, 2005ರಲ್ಲಿ ನಾಯಕನಿಗೆ ಅಲ್ಲಿ ಶಿಫ್ಟ್ ಇಡಲಾಗದು. ಬೆಂಗಳೂರಿನಲ್ಲಿ ಸಂಸ್ಕರಿಸಿದ ನೀರು ಕೋಲಾರದ ಕೆರೆಗಳಿಗೆ ಬರತೊಡಗಿದ್ದು 2018ರಲ್ಲಿ. 2016ರ ಬೇಸಿಗೆಯಲ್ಲಿ ಆ ಕೆರೆಗಳ ದಂಡೆಯ ಮೇಲೆ ಕೂತು ನೀರಿಗೆ ಕಲ್ಲು ಎಸೆಯುವ ದೃಶ್ಯ ಬರೆದರೆ ಸ್ಥಳೀಯ ಓದುಗ ಅಲ್ಲೇ ಪುಸ್ತಕ ಮುಚ್ಚುತ್ತಾನೆ.

ರೇಷ್ಮೆ ಸಾಕೋ ಮನೆ ಹಿನ್ನೆಲೆ ಇಟ್ಟಿದ್ದೀನಿ. ಬರೀ ವರ್ಣನೆ ಆಗ್ತಿದೆ, ಕಥೆಗೆ ಹತ್ತುತ್ತಾ ಇಲ್ಲ. ಏನು ಮಾಡ್ಲಿ?

ಹುಳುವಿನ ಗಡಿಯಾರವನ್ನು ಕಥೆಯ ಗಡಿಯಾರ ಮಾಡಿ. ಮೊಟ್ಟೆ ಒಡೆದ ದಿನದಿಂದ ಹುಳು ಹಣ್ಣಾಗುವವರೆಗೆ ಸುಮಾರು 24ರಿಂದ 28 ದಿನ. ನಡುವೆ ನಾಲ್ಕು ಜ್ವರ, ಅಂದರೆ ಹುಳು ಮೇವು ಬಿಟ್ಟು, ಅಲ್ಲಾಡದೆ ಕೂತು ಪೊರೆ ಕಳಚುವ ಹೊತ್ತು. ಎರಡನೇ ಜ್ವರ ದಾಟಿದ ಚಾಕಿ ಹುಳುವನ್ನೇ ಈಗ ಬಹಳ ಮನೆಯವರು ತರುತ್ತಾರೆ. ನಾಲ್ಕನೇ ಜ್ವರ ಎದ್ದ ಮೇಲಿನ ಆರೆಂಟು ದಿನ ಮನೆಯಲ್ಲಿ ಯಾರಿಗೂ ನಿದ್ದೆ ಇಲ್ಲ. ಇಡೀ ಬೆಳೆಗೆ ಬೇಕಾದ ಹಿಪ್ಪುನೇರಳೆ ಸೊಪ್ಪಿನಲ್ಲಿ ಐದರಲ್ಲಿ ನಾಲ್ಕು ಪಾಲು ಆಗಲೇ ಖರ್ಚಾಗುತ್ತದೆ. ಸೊಪ್ಪು ಸಾಲದೆ ಹೋದರೆ ಪಕ್ಕದ ತೋಟದವನ ಬಾಗಿಲಿಗೆ ಹೋಗಬೇಕು, ಅವನ ಜೊತೆ ಮಾತು ಬಿಟ್ಟು ಎರಡು ವರ್ಷವಾಗಿದ್ದರೂ ಸರಿ.

ಹಣ್ಣಾದ ಹುಳು ತಿನ್ನುವುದು ಬಿಟ್ಟು, ಮೈ ಪಾರದರ್ಶಕವಾಗಿ, ತಲೆ ಎತ್ತಿ ತೂಗಾಡುತ್ತದೆ. ಒಂದು ದಿನದೊಳಗೆ ಎಲ್ಲವನ್ನೂ ಆರಿಸಿ ಚಂದ್ರಿಕೆಗೆ, ಅಂದರೆ ಹುಳು ಗೂಡು ಕಟ್ಟುವ ತಟ್ಟೆಗೆ, ಬಿಡಬೇಕು. ತಡವಾದರೆ ಸೊಪ್ಪಿನ ಮೇಲೆಯೇ ನೂಲು ಬಿಟ್ಟು ಹಾಳು ಮಾಡುತ್ತದೆ. ಮನೆಯವರ ಕೈ ಸಾಲದು, ಊರಿನವರನ್ನು ಕರೆಯಲೇಬೇಕು. ಅವಳೂ ಅವನೂ ಒಂದೇ ಚಂದ್ರಿಕೆಯ ಎರಡು ಬದಿಯಲ್ಲಿ ಕೂರಲು ಇದಕ್ಕಿಂತ ಸಹಜ ಕಾರಣ ಬೇಡ, ಊರಿನವರೂ ಏನೂ ಅನ್ನುವಂತಿಲ್ಲ.

ಚಂದ್ರಿಕೆಗೆ ಬಿಟ್ಟ ಐದಾರನೇ ದಿನ ಗೂಡು ಬಿಡಿಸುತ್ತಾರೆ. ಹೆಚ್ಚು ದಿನ ಇಟ್ಟುಕೊಳ್ಳುವಂತಿಲ್ಲ, ಚಿಟ್ಟೆ ಹೊರಬಂದರೆ ನೂಲು ತುಂಡಾಗಿ ಗೂಡಿಗೆ ಬೆಲೆ ಇಲ್ಲ. ಹಾಗಾಗಿ ಶಿಡ್ಲಘಟ್ಟದ ಗೂಡಿನ ಮಾರುಕಟ್ಟೆಯಲ್ಲಿ ಆ ದಿನದ ಹರಾಜಿಗೆ ಏನು ಸಿಕ್ಕಿತೋ ಅದೇ. ಸಾಲ ತೀರುವುದೋ ಇಲ್ಲವೋ ಒಂದು ಬೆಳಿಗ್ಗೆ ಗೊತ್ತಾಗುತ್ತದೆ. ಒಳ್ಳೆಯ ಬೆಳೆಯಲ್ಲಿ 100 ಮೊಟ್ಟೆಗೆ (ಇಲ್ಲಿ ಒಂದು ಮೊಟ್ಟೆ ಅಂದರೆ ಒಂದು ಚಿಟ್ಟೆ ಇಟ್ಟ ಮೊಟ್ಟೆಗಳ ಇಡೀ ಕಂತು) 60ರಿಂದ 80 ಕಿಲೋ ಗೂಡು ಎಂದು ಲೆಕ್ಕ ಇಟ್ಟುಕೊಳ್ಳಿ.

ಈಗ ನಾಲ್ಕನೇ ಜ್ವರ ಎದ್ದದ್ದು ಡಿಸೆಂಬರ್ 19ಕ್ಕೆ ಎಂದಿಡಿ. 24ರ ರಾತ್ರಿ ಆರಾಧನೆಗೆ ಯಾರು ಹೋಗುತ್ತಾರೆ, ಮನೆಯಲ್ಲಿ ಯಾರು ಉಳಿಯುತ್ತಾರೆ? ಹೊಸ ಸೀರೆ ಉಟ್ಟು ಹುಳುಮನೆಯ ಬಾಗಿಲಲ್ಲಿ ನಿಂತವಳು ಸೆಂಟು ಹಾಕಿಕೊಂಡಿದ್ದರೆ ಒಳಗೆ ಬಿಡುವಂತಿಲ್ಲ, ಘಾಟು ವಾಸನೆ ಹುಳುವಿಗೆ ಆಗದು. ಕೈಕಾಲು ತೊಳೆಯದೆ ಒಳಗೆ ಕಾಲಿಡುವಂತಿಲ್ಲ. ಹುಳುವನ್ನು ಕೊಲ್ಲುವ ಊಜಿ ನೊಣ ಒಳಬರದಂತೆ ಬಾಗಿಲಿಗೆ ಪರದೆ ಇರುತ್ತದೆ. ಇಂಥ ನಾಲ್ಕು ವಿವರ ಕಥೆಯನ್ನು ತಾವೇ ಮುಂದಕ್ಕೆ ತಳ್ಳುತ್ತವೆ.

ಬೇರೆ ಕೃಷಿಗೂ ಅದರದೇ ವೇಗ ಇದೆ. ಕೋಲಾರದ ಟೊಮ್ಯಾಟೊ ನಾಟಿಯಾದ ಎರಡು ತಿಂಗಳ ಮೇಲೆ ಕೊಯ್ಲಿಗೆ ಬಂದು, ಎಪಿಎಂಸಿಯಲ್ಲಿ 15 ಕಿಲೋ ಬಾಕ್ಸಿನ ಲೆಕ್ಕದಲ್ಲಿ ದಿನದಿಂದ ದಿನಕ್ಕೆ ಬೆಲೆ ಏರಿಳಿಯುತ್ತದೆ. ಅವಸರದ ಕಥೆಗೆ ಸರಿ. ತಿಪಟೂರಿನ ಉಂಡೆ ಕೊಬ್ಬರಿಗೆ ಕಾಯಿ ಅಟ್ಟದ ಮೇಲೆ ಹೆಚ್ಚುಕಡಿಮೆ ಒಂದು ವರ್ಷ ಕೂರಬೇಕು. ಊರು ಬಿಟ್ಟು ಹೋದವನನ್ನು ಕಾಯುವವಳ ಕಥೆಗೆ ಆ ಅಟ್ಟ ಹೇಳಿ ಮಾಡಿಸಿದ್ದು.

ಕ್ಯಾಥೊಲಿಕ್ ಮನೆಯವರಿಗೂ ಸಿಎಸ್‌ಐ ಮನೆಯವರಿಗೂ ಒಂದೇ ಪದ ಬಳಸಿದ್ದೀನಿ. ಅಷ್ಟು ವ್ಯತ್ಯಾಸ ಇದೆಯಾ?

ಇದೆ. ಹಸ್ತಪ್ರತಿಗಳಲ್ಲಿ ಅತಿ ಹೆಚ್ಚು ಎಡವುವುದು ಇಲ್ಲೇ. ಸಿಎಸ್‌ಐ (ಚರ್ಚ್ ಆಫ್ ಸೌತ್ ಇಂಡಿಯಾ), ಮೆಥೋಡಿಸ್ಟ್ ಮನೆಗಳಲ್ಲಿ ಸಭೆ, ಆರಾಧನೆ, ಪ್ರಸಂಗ (ಉಪದೇಶ), ಕರ್ತನು, ಕರ್ತನ ಭೋಜನ, ಸತ್ಯವೇದ. ಸಭಾಪಾಲಕರನ್ನು ಅಯ್ಯನವರು ಎನ್ನುತ್ತಾರೆ, ಮಾತಿನಲ್ಲಿ ಅಯ್ಯನೋರು. ಅವರ ಹೆಂಡತಿ ಅಮ್ಮನವರು. ಕ್ಯಾಥೊಲಿಕರಿಗೆ ಬಲಿಪೂಜೆ ಅಥವಾ ಬರೀ ಪೂಜೆ, ಪರಮಪ್ರಸಾದ, ಜಪಸರ, ಪ್ರಭು, ಗುರುಗಳು ಅಥವಾ ಫಾದರ್, ಕ್ರಿಸ್‌ಮಸ್ಸಿಗೆ ಗೋದಲಿ (ಯೇಸು ಹುಟ್ಟಿದ ಕೊಟ್ಟಿಗೆಯ ಮಾದರಿ). ಪೆಂಟೆಕೋಸ್ಟಲ್ ಸಭೆಗಳಲ್ಲಿ ಪಾಸ್ಟರ್, ಬ್ರದರ್, ಸಿಸ್ಟರ್, ಸಾಕ್ಷಿ, ಉಪವಾಸ ಪ್ರಾರ್ಥನೆ. ಬೈಬಲ್ಲಿನ ಹಳೆಯ ಅನುವಾದದಲ್ಲಿ ಯೆಹೋವನು ಎಂದಿರುವ ಕಡೆ ಸುಲಭ ಭಾಷೆಯ ಅನುವಾದದಲ್ಲಿ ಸರ್ವೇಶ್ವರ ಎಂದಿದೆ. ಎಂಬತ್ತು ವರ್ಷದ ಮೆಥೋಡಿಸ್ಟ್ ಅಜ್ಜಿಯ ಬಾಯಲ್ಲಿ ಸರ್ವೇಶ್ವರ ಬಂದರೆ ಓದುಗರ ಕಿವಿಗೆ ತಕ್ಷಣ ಕಟುವಾಗುತ್ತದೆ.

ಯಾವ ಊರಿನಲ್ಲಿ ಯಾವ ಸಭೆ ಎಂಬುದಕ್ಕೂ ಇತಿಹಾಸವಿದೆ. ತುಮಕೂರಿನಲ್ಲಿ ಕೆಲಸ ಮಾಡಿದ್ದು ವೆಸ್ಲಿಯನ್ ಮಿಷನ್, ಚಿಕ್ಕಬಳ್ಳಾಪುರದಲ್ಲಿ ಲಂಡನ್ ಮಿಷನ್. ಎರಡೂ 1947ರ ಸೆಪ್ಟೆಂಬರ್ 27ರಂದು ಹುಟ್ಟಿದ ಸಿಎಸ್‌ಐಗೆ ಸೇರಿದವು. ಕೋಲಾರದಲ್ಲಿದ್ದದ್ದು ಅಮೆರಿಕನ್ ಮೆಥೋಡಿಸ್ಟ್ ಮಿಷನ್. ಅವರು ಆ ಒಕ್ಕೂಟಕ್ಕೆ ಸೇರಲಿಲ್ಲ, ಇಂದಿಗೂ ಮೆಥೋಡಿಸ್ಟರೇ. ಆದ್ದರಿಂದ ಕೋಲಾರದ ಹಳೇ ಮಿಷನ್ ಕಾಂಪೌಂಡಿನ ಹುಡುಗಿಗೆ ಸಿಎಸ್‌ಐ ಬಿಷಪ್ಪರ ಕೈಯಿಂದ ದೃಢೀಕರಣ ಕೊಡಿಸಬೇಡಿ. ಕ್ಯಾಥೊಲಿಕರಿಗೆ ಮೂರೂ ಜಿಲ್ಲೆ ಬೆಂಗಳೂರು ಮಹಾಧರ್ಮಪ್ರಾಂತ್ಯದ ಕೆಳಗೆ ಬರುತ್ತದೆ.

ಪಾತ್ರಗಳಿಗೆಲ್ಲ ಜಾನ್, ಮೇರಿ ಅಂತಲೇ ಹೆಸರು ಬರ್ತಿದೆ. ಬೇರೆ ಏನಿಡಬಹುದು?

ತಲೆಮಾರು ನೋಡಿ ಇಡಿ. ಹಳೆಯ ಕ್ಯಾಥೊಲಿಕ್ ಮನೆಗಳಲ್ಲಿ ರಾಯಪ್ಪ, ಚೌರಪ್ಪ, ಇನ್ನಾಸಪ್ಪ, ಅಂತೋಣಪ್ಪ, ಆರೋಗ್ಯಮ್ಮ. ಪ್ರಾಟೆಸ್ಟಂಟರಲ್ಲಿ ಎಸ್ತೇರಮ್ಮ, ರೂತಮ್ಮ, ದೇವದಾಸ, ಸತ್ಯವತಿ, ಕರುಣಾಕರ. ಈಗಿನ ಮಕ್ಕಳಿಗೆ ಶೆರಿನ್, ಜೋಯಲ್, ಪ್ರಿನ್ಸಿ. ಅಜ್ಜ ಚೌರಪ್ಪ, ಅಪ್ಪ ಕ್ಸೇವಿಯರ್, ಮಗ ರೊನಾಲ್ಡ್ ಎಂದರೆ ಒಂದು ಕುಟುಂಬ ಹಳ್ಳಿಯಿಂದ ಬೆಂಗಳೂರಿನ ಕಡೆ ಮುಖ ಮಾಡಿದ್ದು ವಿವರಣೆ ಇಲ್ಲದೆ ತಿಳಿಯುತ್ತದೆ. ಮೊದಲೆರಡು ಹೆಸರು ಒಬ್ಬನೇ ಸಂತನದು ಎಂಬುದೂ ಚೆಂದ.

ಕೋಲಾರದ ಕಡೆ ಮನೇಲಿ ತೆಲುಗು, ಕೆಜಿಎಫ್‌ನಲ್ಲಿ ತಮಿಳು. ಸಂಭಾಷಣೆ ಹೇಗೆ ಬರೀಲಿ?

ಕನ್ನಡದಲ್ಲೇ ಬರೆಯಿರಿ, ಯಾರು ಯಾವಾಗ ಭಾಷೆ ಬದಲಿಸಿದರು ಎಂಬುದನ್ನು ಮಾತ್ರ ಹೇಳಿ. ಬಾಗೇಪಲ್ಲಿಯ ಅಜ್ಜಿ ಪೇಟೆಯಲ್ಲಿ ಕನ್ನಡ ಆಡಿ, ಮನೆಯಲ್ಲಿ ಸಿಟ್ಟು ಬಂದಾಗ ತೆಲುಗಿಗೆ ತಿರುಗುತ್ತಾಳೆ. ರಾಬರ್ಟ್‌ಸನ್‌ಪೇಟೆಯ ಹುಡುಗ ಸ್ನೇಹಿತರ ಜೊತೆ ತಮಿಳು, ಅವಳ ಅಪ್ಪನ ಮುಂದೆ ಎಚ್ಚರದ ಕನ್ನಡ. "ಅವನು ಪ್ರಾರ್ಥನೆಗೆ ಕಣ್ಣು ಮುಚ್ಚಿದ ಕೂಡಲೇ ತಮಿಳು ಬಂತು" ಎಂಬ ಒಂದು ಸಾಲು ಪುಟದ ತುಂಬ ತಮಿಳು ತುಂಬಿದ್ದಕ್ಕಿಂತ ಹೆಚ್ಚು ಕೆಲಸ ಮಾಡುತ್ತದೆ.

## ಕಥೆಯ ಗಟ್ಟಿತನ

ಪ್ರಾರ್ಥನೆ ಮಾಡಿದ ತಕ್ಷಣ ಎಲ್ಲಾ ಸರಿಹೋಗುತ್ತೆ, ಓದಿದವರು ನಂಬ್ತಿಲ್ಲ. ಹಾಗಂತ ಪ್ರಾರ್ಥನೆ ತೆಗೆದುಹಾಕ್ಲಾ?

ತೆಗೆಯಬೇಡಿ. ಅದಕ್ಕೆ ಕೊಟ್ಟಿರುವ ಕೆಲಸ ಬದಲಿಸಿ. ತುಂಬ ಹಸ್ತಪ್ರತಿಗಳಲ್ಲಿ ಹೀಗಿರುತ್ತದೆ: "ಅವಳು ಮೊಣಕಾಲೂರಿ ಪ್ರಾರ್ಥಿಸಿದಳು. ಮನಸ್ಸು ಹಗುರವಾಯಿತು. ಬೆಳಿಗ್ಗೆ ಬಾಗಿಲು ತೆರೆದರೆ ಅವನು ನಿಂತಿದ್ದ." ಇಲ್ಲಿ ಅವಳು ಏನನ್ನೂ ಬಿಡಲಿಲ್ಲ, ಏನನ್ನೂ ಆರಿಸಿಕೊಳ್ಳಲಿಲ್ಲ. ನಿಜವಾಗಿ ಪ್ರಾರ್ಥಿಸುವವರೇ ಇದನ್ನು ಮೊದಲು ಒಪ್ಪುವುದಿಲ್ಲ, ಉತ್ತರ ಬಾರದ ರಾತ್ರಿಗಳು ಅವರಿಗೆ ಗೊತ್ತಿರುತ್ತವೆ.

ಅದೇ ದೃಶ್ಯ ಹೀಗಿದ್ದರೆ:

"ಚಾಪೆಯ ಮೇಲೆ ಮೊಣಕಾಲೂರಿ ‘ಕರ್ತನೇ’ ಅಂದಳು. ಮುಂದಿನ ಮಾತು ಬರಲಿಲ್ಲ. ಗೋಡೆಯಾಚೆ ಹುಳು ಸೊಪ್ಪು ಮೇಯುವ ಸದ್ದು, ಹೆಂಚಿನ ಮೇಲೆ ಸೋನೆ ಮಳೆ ಹಿಡಿದ ಹಾಗೆ. ಅವನ ಅಪ್ಪನ ತೋಟದಲ್ಲಿ ಸೊಪ್ಪಿದೆ ಎಂದು ಅವಳಿಗೆ ಗೊತ್ತು. ಕೇಳಿದರೆ ಕೊಡುತ್ತಾರೆ ಎಂದೂ ಗೊತ್ತು. ಎದ್ದು ಕುಡುಗೋಲು ತೆಗೆದುಕೊಂಡಳು, ಮತ್ತೆ ಗೂಟಕ್ಕೆ ಸಿಕ್ಕಿಸಿದಳು. ಕೇಳುವುದಕ್ಕೆ ಬರಿಗೈಲಿ ಹೋಗಬೇಕು."

ಪ್ರಾರ್ಥನೆಗೆ ಉತ್ತರ ಬಂತೋ ಇಲ್ಲವೋ ಲೇಖಕರು ಹೇಳಿಲ್ಲ. ಆದರೆ ಅವಳು ಎದ್ದದ್ದು ಬೇರೆಯವಳಾಗಿ. ನಿಯಮವಾಗಿ ಬೇಕಿದ್ದರೆ ಹೀಗಿಟ್ಟುಕೊಳ್ಳಿ: ಪ್ರಾರ್ಥನೆಯ ಮುಂದಿನ ಪುಟದಲ್ಲಿ ಪಾತ್ರ ತನಗೆ ಕಷ್ಟವಾದ ಒಂದು ಕೆಲಸ ಮಾಡಬೇಕು. ಇಡೀ ಕಾದಂಬರಿಯಲ್ಲಿ ಒಂದು ಪ್ರಾರ್ಥನೆಗಾದರೂ ಕೇಳಿದ್ದು ಸಿಗಬಾರದು. ಅಪ್ಪ ಬದುಕದಿರಬಹುದು, ಜಮೀನು ಉಳಿಯದಿರಬಹುದು. ಆ ನಷ್ಟದ ಎದುರಿನಲ್ಲಿ ನಂಬಿಕೆ ಹೇಗೆ ನಿಂತಿತು ಎಂದು ತೋರಿಸುವುದಕ್ಕೇ ಅಲ್ಲವೇ ಇಷ್ಟೆಲ್ಲ ಬರೆಯುವುದು.

ಪ್ರಸಂಗದ ವಿಷಯದಲ್ಲೂ ಎಚ್ಚರ. ಅಯ್ಯನವರ ಪ್ರಸಂಗ ಆರು ಸಾಲು ದಾಟಬಾರದು. ಅದನ್ನು ಕೇಳುತ್ತಿರುವವಳ ತಲೆಯಲ್ಲಿ ಏನು ನಡೆಯುತ್ತಿದೆ ಎಂಬುದಕ್ಕೆ ಉಳಿದ ಪುಟ ಬಿಡಿ.

ನನ್ನ ನಾಯಕ ಬೇರೆ ಧರ್ಮದವನು. ಕೊನೆಗೆ ದೀಕ್ಷಾಸ್ನಾನ ಕೊಡಿಸಿಬಿಟ್ರೆ ಸುಲಭ ಅಲ್ವಾ?

ಸುಲಭ, ಅದಕ್ಕೇ ಕಥೆ ಸೋಲುತ್ತದೆ. ಹುಡುಗಿಗಾಗಿ ನಂಬಿಕೆ ಬದಲಿಸಿದವನ ಬಗ್ಗೆ ಸಭೆಯ ಹಿರಿಯರಿಗೇ ಅನುಮಾನ ಇರುತ್ತದೆ, ಅವನ ಅಮ್ಮನಿಗೆ ಅದು ಸಾವಿನಷ್ಟು ನೋವು. ಆ ಅಮ್ಮನಿಗೆ ಒಂದು ಇಡೀ ಅಧ್ಯಾಯ ಕೊಡದೆ ಈ ದಾರಿ ಹಿಡಿಯಬೇಡಿ. ನೆರೆಮನೆಯವರ ದೇವರನ್ನು ಕೀಳಾಗಿ ತೋರಿಸುವ ಸಾಲು ಒಂದೂ ಇರಬಾರದು. ಊರ ಜಾತ್ರೆಗೆ ಹಂದರ ಹಾಕುವವನೂ ಕ್ರಿಸ್‌ಮಸ್ ಕಜ್ಜಾಯಕ್ಕೆ ಬೆಲ್ಲ ಕೊಡುವವನೂ ಒಬ್ಬನೇ ಆಗಿರುವ ಊರುಗಳು ನಮ್ಮವು.

ಕಾನೂನಿನ ಮಟ್ಟಿಗೆ ಎರಡು ದಾರಿ. 1872ರ ಭಾರತೀಯ ಕ್ರೈಸ್ತ ವಿವಾಹ ಕಾಯ್ದೆಗೆ ಇಬ್ಬರಲ್ಲಿ ಒಬ್ಬರು ಕ್ರೈಸ್ತರಾದರೆ ಸಾಕು. 1954ರ ವಿಶೇಷ ವಿವಾಹ ಕಾಯ್ದೆಯಲ್ಲಿ ಧರ್ಮದ ಪ್ರಶ್ನೆಯೇ ಇಲ್ಲ, ಆದರೆ ನೋಟಿಸ್ ಕೊಟ್ಟು 30 ದಿನ ಕಾಯಬೇಕು, ಆ ನೋಟಿಸ್ ಕಚೇರಿಯಲ್ಲಿ ಎಲ್ಲರಿಗೂ ಕಾಣುವಂತೆ ಹಾಕುತ್ತಾರೆ. ಸಣ್ಣ ಊರಿನಲ್ಲಿ ಆ ಹಾಳೆಯನ್ನು ಮೊದಲು ಓದುವವರು ಯಾರು? ಅಲ್ಲೇ ನಿಮ್ಮ ಮುಂದಿನ ಮೂರು ಅಧ್ಯಾಯವಿದೆ. ಸಭೆಯೊಳಗಿನ ತಕರಾರಿಗೆ 2 ಕೊರಿಂಥ 6:14ರ ಇಜ್ಜೋಡಿನ ಮಾತು (ನಂಬದವರ ಜೊತೆ ಜೋಡಿಯಾಗಬೇಡಿ ಎಂಬುದು) ಬಂದೇ ಬರುತ್ತದೆ. ಅದನ್ನು ಆಡುವವರನ್ನು ಕಟುಕರನ್ನಾಗಿ ಮಾಡದೆ, ಮಗಳ ಬಗ್ಗೆ ಭಯ ಇರುವವರಾಗಿ ಬರೆಯಿರಿ. ಕ್ಯಾಥೊಲಿಕರಾದರೆ ಬಿಷಪ್ಪರ ವಿನಾಯಿತಿ ಪತ್ರ ಬೇಕಾಗುತ್ತದೆ.

ಕ್ರೈಸ್ತರಲ್ಲಿ ಜಾತಿ ತರ್ಬೇಕಾ? ಬೇಡ ಅಂತ ನಮ್ಮ ಮನೆಯವರು ಹೇಳ್ತಾರೆ.

ತಂದರೆ ಪ್ರಾಮಾಣಿಕವಾಗಿ ತನ್ನಿ. ಸಭೆಯಲ್ಲಿ ಒಂದೇ ಬೆಂಚು, ಮದುವೆಯ ಮಾತು ಬಂದಾಗ "ಅವರು ಯಾವ ಕಡೆಯವರು" ಎಂಬ ಪ್ರಶ್ನೆ. ಇದನ್ನು ಕಾಣದವರಿಲ್ಲ. ಕಾಗದದ ಬಿಕ್ಕಟ್ಟೂ ಇದೆ. 1950ರ ರಾಷ್ಟ್ರಪತಿ ಆದೇಶದ ಪ್ರಕಾರ ಪರಿಶಿಷ್ಟ ಜಾತಿಯ ಮಾನ್ಯತೆ ಮೊದಲು ಹಿಂದೂಗಳಿಗೆ ಮಾತ್ರ ಇತ್ತು, 1956ರಲ್ಲಿ ಸಿಖ್ಖರಿಗೂ 1990ರಲ್ಲಿ ಬೌದ್ಧರಿಗೂ ಸಿಕ್ಕಿತು. ಕ್ರೈಸ್ತರಿಗೆ ಇಲ್ಲ. ಶಾಲೆಯ ದಾಖಲೆಯಲ್ಲಿ ಒಂದು ಹೆಸರು, ಸಭೆಯ ರಿಜಿಸ್ಟರಿನಲ್ಲಿ ಇನ್ನೊಂದು ಹೆಸರು ಇರುವ ಹುಡುಗಿಗೆ ಸಭೆಯಲ್ಲಿ ಮದುವೆಯಾಗುವುದೆಂದರೆ ಏನನ್ನು ಪಣಕ್ಕಿಟ್ಟಂತೆ? ಅವಳನ್ನು ಸುಳ್ಳುಗಾರ್ತಿ ಎಂದು ತೀರ್ಪು ಕೊಡಲು ಲೇಖಕರು ಹೋಗಬಾರದು. ಅವಳ ಕಷ್ಟವನ್ನು ಅವಳ ಬದಿಗೆ ನಿಂತು ಬರೆಯಿರಿ.

ಮದುವೆ ದೃಶ್ಯದಲ್ಲಿ ಸಾಮಾನ್ಯವಾಗಿ ಏನೇನು ತಪ್ಪಾಗುತ್ತೆ?

ದಿನಾಂಕ ಮೊದಲ ತಪ್ಪು. ಶ್ರಮೆಯ ಕಾಲದಲ್ಲಿ, ಅಂದರೆ ಬೂದಿ ಬುಧವಾರದಿಂದ ಈಸ್ಟರಿನವರೆಗೆ, ಸಾಮಾನ್ಯವಾಗಿ ಮದುವೆ ಇಡುವುದಿಲ್ಲ. 2025ರಲ್ಲಿ ಬೂದಿ ಬುಧವಾರ ಮಾರ್ಚ್ 5, ಈಸ್ಟರ್ ಏಪ್ರಿಲ್ 20. ಹಾಗಿದ್ದ ಮೇಲೆ ಆ ವರ್ಷದ ಮಾರ್ಚ್ ಕೊನೆಯಲ್ಲಿ ಅದ್ಧೂರಿ ಮದುವೆ ನಡೆಯುವುದಿಲ್ಲ. ಕಥೆಯ ವರ್ಷದ ಕ್ಯಾಲೆಂಡರ್ ಮುಂದಿಟ್ಟುಕೊಳ್ಳಿ.

ಎರಡನೆಯದು, ನಿನ್ನೆ ನಿಶ್ಚಯ ನಾಳೆ ಮದುವೆ. ಮೂರು ಭಾನುವಾರ ಸಭೆಯಲ್ಲಿ ಪ್ರಕಟಣೆ ಓದಬೇಕು, ಯಾರಿಗಾದರೂ ಅಡ್ಡಿ ಇದ್ದರೆ ತಿಳಿಸಿ ಎಂದು ಕೇಳಬೇಕು. ಹುಡುಗ ಬೇರೆ ಸಭೆಯವನಾದರೆ ಅಲ್ಲಿಂದಲೂ ಪತ್ರ ಬರಬೇಕು. ಕಥೆಗಾರರಿಗೆ ಇದು ವರ. ಮೂರನೆಯ ಭಾನುವಾರ ಹಿಂದಿನ ಸಾಲಿನಲ್ಲಿ ಯಾರೋ ಎದ್ದು ನಿಲ್ಲುವ ಸದ್ದಾದರೆ ಸಾಕು.

ಕ್ರೈಸ್ತ ವಿವಾಹ ಕಾಯ್ದೆಯಂತೆ ಮದುವೆಯ ಹೊತ್ತು ಬೆಳಿಗ್ಗೆ 6ರಿಂದ ಸಂಜೆ 7ರೊಳಗೆ, ವಿಶೇಷ ಅನುಮತಿ ಇದ್ದರೆ ಮಾತ್ರ ಅದರಾಚೆ. ಸಾಕ್ಷಿಗಳು ಕನಿಷ್ಠ ಇಬ್ಬರು. ಹುಡುಗನಿಗೆ 21, ಹುಡುಗಿಗೆ 18 ತುಂಬಿರಬೇಕು. ನಮ್ಮ ಕಡೆಯ ಬಹಳ ಮನೆಗಳಲ್ಲಿ ಉಂಗುರದ ಜೊತೆ ಶಿಲುಬೆಯ ತಾಳಿಯೂ ಇರುತ್ತದೆ, ವಧು ಬಿಳಿ ಅಥವಾ ಕೆನೆ ಬಣ್ಣದ ಸೀರೆ ಉಟ್ಟಿರುತ್ತಾಳೆ. ರಿಜಿಸ್ಟರಿಗೆ ಸಹಿ ಮಾಡುವಾಗ ಅವಳ ಕೈ ಬರೆಯುವುದು ಇನ್ನೂ ಅಪ್ಪನ ಇನಿಷಿಯಲ್ಲೇ. ಆ ಪೆನ್ನಿನ ತುದಿಯಲ್ಲಿ ಒಂದು ಕ್ಷಣ ನಿಲ್ಲಿ.

ಹತ್ತನೇ ಅಧ್ಯಾಯಕ್ಕೆ ಕಥೆ ನಿಂತುಬಿಟ್ಟಿದೆ. ಇಬ್ಬರಿಗೂ ಪ್ರೀತಿ ಇದೆ, ಅಡ್ಡಿ ಇಲ್ಲ.

ಅಡ್ಡಿ ಹೊರಗಿನದು ಮಾತ್ರ ಆಗಿದ್ದರೆ ಹೀಗಾಗುತ್ತದೆ. ಅತ್ತೆಯ ವಿರೋಧ, ಸಾಲ, ಸುಳ್ಳು ಸುದ್ದಿ ಎಲ್ಲ ಒಂದು ಮಾತುಕತೆಯಲ್ಲಿ ತೀರಿಬಿಡಬಹುದು. ಇಬ್ಬರಿಗೂ ಒಳಗಿನ ಅಡ್ಡಿ ಒಂದೊಂದು ಬೇಕು. ಅವಳಿಗೆ ಅಪ್ಪನ ಮೇಲಿನ ಕ್ಷಮಿಸದ ಸಿಟ್ಟು, ಅವನಿಗೆ ದೇವರು ತನ್ನನ್ನು ಕೈಬಿಟ್ಟ ಎಂಬ ನಂಬಿಕೆ. ಹತ್ತನೇ ಅಧ್ಯಾಯದಲ್ಲಿ ಇಬ್ಬರೂ ಹತ್ತಿರ ಬಂದದ್ದೇ ಆ ಗಾಯವನ್ನು ಕೆರಳಿಸಬೇಕು. ಇದರ ಜೊತೆಗೆ ಸಭೆಯ ವರ್ಷವನ್ನೂ ಬಳಸಿ. ಸುಗ್ಗಿ ಹಬ್ಬದಲ್ಲಿ ಕಾಣಿಕೆ ಬಂದ ಕುಂಬಳಕಾಯಿ, ಕೋಳಿ, ರಾಗಿ ಮೂಟೆಗಳ ಹರಾಜಿನಲ್ಲಿ ಯಾರು ಯಾರ ವಿರುದ್ಧ ಕೂಗುತ್ತಾರೆ ಎಂಬುದರಲ್ಲೇ ಊರಿನ ಹಳೆಯ ಲೆಕ್ಕಗಳೆಲ್ಲ ಹೊರಬೀಳುತ್ತವೆ.

ಸಭಾಪಾಲಕರನ್ನೇ ಖಳನಾಯಕ ಮಾಡ್ಬಹುದಾ?

ಮಾಡಬಹುದು, ಕಲ್ಪನೆಯ ಊರಿನಲ್ಲಿ. ಅದೇ ಸಭೆಯಲ್ಲಿ ನಿಜವಾಗಿ ನಂಬಿದವರೊಬ್ಬರು, ಗಂಟೆ ಹೊಡೆಯುವ ಮುದುಕನೋ ಭಾನುವಾರ ಶಾಲೆಯ ಟೀಚರೋ, ಸುಮ್ಮನೆ ತಮ್ಮ ಕೆಲಸ ಮಾಡಿಕೊಂಡಿರಲಿ.

## ಅಚ್ಚಿಗೆ ಹೋಗುವಾಗ

ಸತ್ಯವೇದದ ವಾಕ್ಯ, ಹಾಡು ಹಾಕೋಕೆ ಅನುಮತಿ ಬೇಕಾ?

ಈಗ ಬಳಕೆಯಲ್ಲಿರುವ ಕನ್ನಡ ಅನುವಾದಗಳ ಹಕ್ಕು ಪ್ರಕಾಶಕರದು. ಕಾದಂಬರಿಗೆ ಏಳೆಂಟು ವಾಕ್ಯಕ್ಕಿಂತ ಹೆಚ್ಚು ಬೇಕಾಗುವುದೂ ಇಲ್ಲ. ಎಷ್ಟೇ ಇದ್ದರೂ ಯಾವ ವಾಕ್ಯ, ಯಾವ ಅನುವಾದ ಎಂದು ಪಟ್ಟಿ ಮಾಡಿ ಬೈಬಲ್ ಸೊಸೈಟಿಗೆ ಬರೆದು ಒಪ್ಪಿಗೆ ಪಡೆಯಿರಿ, ಅನುವಾದದ ಹೆಸರನ್ನು ಹಕ್ಕುಗಳ ಪುಟದಲ್ಲಿ ಹಾಕಿ. ಹಾಡುಗಳಿಗೆ ಬರೆದವರು ತೀರಿಕೊಂಡ ಮೇಲೆ 60 ವರ್ಷ ಹಕ್ಕು ಇರುತ್ತದೆ. ಮಿಷನರಿ ಕಾಲದ ಕೀರ್ತನೆಗಳಿಗೆ ಸಾಮಾನ್ಯವಾಗಿ ತೊಂದರೆ ಇಲ್ಲ. ಈಗಿನ ಹಾಡಿನ ಎರಡು ಸಾಲಿಗೂ ಬರೆದವರ ಒಪ್ಪಿಗೆ ಬೇಕು. ಇಲ್ಲದಿದ್ದರೆ "ಯೌವನಸ್ಥರು ಹೊಸ ಹಾಡು ಹಿಡಿದರು" ಎಂದು ಬರೆದು ಮುಂದೆ ಹೋಗಿ.

ಮೊಬೈಲ್‌ನಲ್ಲಿ ಟೈಪ್ ಮಾಡಿದ್ದೀನಿ. ಡಿಟಿಪಿಯವರು ಮತ್ತೆ ಟೈಪ್ ಮಾಡ್ಬೇಕು ಅಂತಾರೆ.

ಮಾಡಬೇಕಿಲ್ಲ. ಮೊಬೈಲ್‌ನಲ್ಲಿ ಬರುವುದು ಯೂನಿಕೋಡ್, ಹಲವು ಡಿಟಿಪಿ ಅಂಗಡಿಗಳಲ್ಲಿ ಇನ್ನೂ ನುಡಿ, ಬರಹ ತಂತ್ರಾಂಶಗಳ ಹಳೇ ಫಾಂಟು. ಪರಿವರ್ತಕ ತಂತ್ರಾಂಶದಿಂದ ಬದಲಿಸಬಹುದು. ಬದಲಿಸಿದ ಮೇಲೆ ಅರ್ಕಾವೊತ್ತು, ದೀರ್ಘ, ಉದ್ಧರಣ ಚಿಹ್ನೆ ಕೆಡುವುದುಂಟು. "ಕರ್ತನು", "ಪ್ರಾರ್ಥನೆ", "ಆಶೀರ್ವಾದ" ಈ ಮೂರು ಪದ ಹುಡುಕಿ ನೋಡಿ. ಕ್ರೈಸ್ತ ಕಾದಂಬರಿಯಲ್ಲಿ ಅರ್ಕಾವೊತ್ತು ಹೆಜ್ಜೆಹೆಜ್ಜೆಗೂ ಬರುವುದರಿಂದ ಕೆಟ್ಟಿದ್ದರೆ ಅಲ್ಲೇ ಗೊತ್ತಾಗುತ್ತದೆ.

ಪುಟ ಎಷ್ಟಾಗುತ್ತೆ ಅಂತ ಮೊದಲೇ ಲೆಕ್ಕ ಹಾಕೋದು ಹೇಗೆ?

ಡೆಮಿ 1/8 ಅಳತೆಯಲ್ಲಿ, ಓದಲು ಹಿತವಾದ ಅಕ್ಷರದಲ್ಲಿ ಪುಟಕ್ಕೆ ಸುಮಾರು 220 ಪದ. 40,000 ಪದಕ್ಕೆ 182 ಪುಟ, ಶೀರ್ಷಿಕೆ, ಹಕ್ಕು, ಅರ್ಪಣೆ, ಮುನ್ನುಡಿಗೆ 8, ಒಟ್ಟು 190. ಒಂದು ಫಾರಂ (ಒಟ್ಟಿಗೆ ಅಚ್ಚಾಗುವ ಪುಟಗಳ ಕಂತು) 16 ಪುಟ, 12 ಫಾರಂ ಅಂದರೆ 192. ಸರಿಯಾಗಿ ಕೂರುತ್ತದೆ. 195 ಆದರೆ ಹದಿಮೂರನೇ ಫಾರಂಗೆ ದುಡ್ಡು ಕೊಟ್ಟು 13 ಪುಟ ಖಾಲಿ ಬಿಡಬೇಕು. ಆಗ ಮುನ್ನುಡಿ ಕಡಿಮೆ ಮಾಡಿ, ಕಥೆಗೆ ಕತ್ತರಿ ಹಾಕಬೇಡಿ. ನಮ್ಮ ಓದುಗರಲ್ಲಿ ಕನ್ನಡಕ ಹಾಕಿದ ಅಮ್ಮಂದಿರು ಬಹಳ ಮಂದಿ, ಅಕ್ಷರ ಸಣ್ಣದು ಮಾಡಿ ಉಳಿಸುವುದಂತೂ ಬೇಡವೇ ಬೇಡ.

ಐಎಸ್‌ಬಿಎನ್‌ಗೆ ದುಡ್ಡು ಕೊಡ್ಬೇಕಾ?

ಇಲ್ಲ. ಕೇಂದ್ರ ಸರ್ಕಾರದ ರಾಜಾ ರಾಮಮೋಹನ ರಾಯ್ ರಾಷ್ಟ್ರೀಯ ಏಜೆನ್ಸಿ ಪುಸ್ತಕ ಗುರುತಿನ ಈ ಸಂಖ್ಯೆಯನ್ನು ಉಚಿತವಾಗಿ ಕೊಡುತ್ತದೆ, ಸ್ವಂತ ಪ್ರಕಟಿಸುವ ಲೇಖಕರೂ ಆನ್‌ಲೈನ್‌ನಲ್ಲಿ ಅರ್ಜಿ ಹಾಕಬಹುದು. 13 ಅಂಕಿಯ ಸಂಖ್ಯೆ ಸಿಕ್ಕ ಮೇಲೆ ರಕ್ಷಾಪುಟ ಮುಗಿಸಿ. ಇದಕ್ಕೆ ಸಾವಿರಾರು ರೂಪಾಯಿ ಕೇಳುವ ಮಧ್ಯವರ್ತಿಗಳಿಗೆ ಕೊಡಬೇಡಿ.

ಅಚ್ಚು ಹಾಕಿಸಿದ ಮೇಲೆ ಎಲ್ಲಿ ಮಾರೋದು?

ಮೊದಲ ಮುದ್ರಣ 300 ಪ್ರತಿ ದಾಟದಿರಲಿ. ನವೆಂಬರ್ ಮೊದಲ ವಾರಕ್ಕೆ ಪುಸ್ತಕ ಕೈಗೆ ಬರುವಂತೆ ಹಿಂದಿನಿಂದ ಲೆಕ್ಕ ಹಾಕಿ: ಅಚ್ಚಿಗೆ ಮೂರು ವಾರ, ಕರಡು ತಿದ್ದಲು ಎರಡು ಸುತ್ತಿಗೆ ಒಂದು ತಿಂಗಳು, ಡಿಟಿಪಿಗೆ ಎರಡು ವಾರ. ಅಂದರೆ ಆಗಸ್ಟ್ ಕೊನೆಗೆ ಹಸ್ತಪ್ರತಿ ಮುಗಿದಿರಬೇಕು. ಸುಗ್ಗಿ ಹಬ್ಬ, ಸ್ತ್ರೀಯರ ಕೂಟ, ಕ್ರಿಸ್‌ಮಸ್ ಕ್ಯಾರಲ್ಸ್ ಎಲ್ಲ ಒಂದರ ಹಿಂದೆ ಒಂದು ಬರುವ ಕಾಲ ಅದು. ಆರಾಧನೆ ಮುಗಿದ ಮೇಲೆ ಬಾಗಿಲ ಬಳಿ ಮೇಜು ಹಾಕಲು ಅಯ್ಯನವರ ಒಪ್ಪಿಗೆಯನ್ನು ಎರಡು ವಾರ ಮೊದಲೇ ಕೇಳಿ, ಅವರಿಗೆ ಓದಲು ಒಂದು ಪ್ರತಿ ಕೊಟ್ಟು. ಹತ್ತು ಪ್ರತಿಯನ್ನು ಊರಿನ ಗ್ರಂಥಾಲಯಗಳಿಗೆ ಕೊಡಿ. ಚಿಲ್ಲರೆ ಜೊತೆಗಿಟ್ಟುಕೊಳ್ಳಿ, ಹಳ್ಳಿಯ ಸಭೆಯಲ್ಲಿ ಎಲ್ಲರ ಹತ್ತಿರವೂ ಫೋನಿನಲ್ಲಿ ದುಡ್ಡಿರುವುದಿಲ್ಲ. ಓದಿದ ಹೆಣ್ಣುಮಗಳೊಬ್ಬಳು ಅದೇ ಪ್ರತಿಯನ್ನು ಐದು ಮನೆಗೆ ಕೊಟ್ಟರೆ ಬೇಸರಿಸಬೇಡಿ, ಎರಡನೆಯ ಕಾದಂಬರಿಗೆ ಕೊಳ್ಳುವವರು ಆ ಐದು ಮನೆಯವರೇ.